ತಮಟೆ ಬಡಿಯುವ ಯಂತ್ರವನ್ನು ಜಾತ್ರೆಯಲ್ಲಿ ಇಡಬಹುದೇ?

ಪ್ರಶ್ನೆ: ನಾನು ಶಿಡ್ಲಘಟ್ಟದವನು. ಐಟಿಐ ಮುಗಿಸಿ, ರೇಷ್ಮೆ ನೂಲು ಬಿಚ್ಚುವ ಘಟಕಗಳಲ್ಲಿ ಮೋಟರ್ ಮತ್ತು ಪ್ಯಾನೆಲ್ ರಿಪೇರಿ ಮಾಡಿಕೊಂಡಿದ್ದೇನೆ. ಬಿಡುವಿನ ವೇಳೆಯಲ್ಲಿ ಎರಡು ತಮಟೆ, ಒಂದು ನಗಾರಿ ಮತ್ತು ಒಂದು ಜಾಗಟೆಯನ್ನು ಕಬ್ಬಿಣದ ಚೌಕಟ್ಟಿಗೆ ಬಿಗಿದು, ಎಂಟು ಸೊಲೆನಾಯ್ಡ್‌ಗಳಿಂದ (ವಿದ್ಯುತ್ ಕೊಟ್ಟಾಗ ಕಬ್ಬಿಣದ ಕಡ್ಡಿಯನ್ನು ಎಳೆಯುವ ತಂತಿ ಸುರುಳಿ, ಅಂದರೆ ಕಾಯಿಲ್‌ಗಳು) ತಾನಾಗಿಯೇ ನುಡಿಯುವ ಯಂತ್ರವೊಂದನ್ನು ಮಾಡಿದ್ದೇನೆ. ಅವನ್ನು ನಡೆಸಲು ಪ್ರೋಗ್ರಾಂ ತುಂಬುವ ಎರಡು ಆರ್ಡುಯಿನೊ ಊನೊ ಬೋರ್ಡ್‌ಗಳಿವೆ. 12 ವೋಲ್ಟ್, 5 ಆಂಪಿಯರ್‌ನ ಒಂದು ಎಸ್‌ಎಂಪಿಎಸ್ (ವಿದ್ಯುತ್ ಪೂರೈಕೆಯ ಪೆಟ್ಟಿಗೆ) ಇದೆ. ಮೂರು ತೊಂದರೆಗಳಿವೆ. ಎಲ್ಲ ಕೋಲುಗಳು ಒಟ್ಟಿಗೆ ಬಿದ್ದಾಗ ಬೋರ್ಡ್ ನಿಂತು ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಕೆಲವು ನಿಮಿಷಗಳಾದ ಮೇಲೆ ಎರಡು ಬೋರ್ಡ್‌ಗಳ ಲಯ ಒಂದಕ್ಕೊಂದು ತಪ್ಪುತ್ತದೆ. ತಮಟೆಯ ನಾದವಂತೂ ಡಬ್ಬ ಬಡಿದಂತೆ ಸತ್ತು ಕೇಳಿಸುತ್ತದೆ. ಪ್ರತಿ ಪೆಟ್ಟಿನ ಕಾಲವನ್ನು ಒಂದಿಷ್ಟು ಹಿಂದೆ ಮುಂದೆ ಮಾಡಿದರೆ ಮನುಷ್ಯ ಬಡಿದಂತೆ ಆಗುತ್ತದೆ ಎಂದು ಒಬ್ಬ ಗೆಳೆಯ ಹೇಳುತ್ತಾನೆ. ಚರ್ಮ ತೆಗೆದು ಫೈಬರ್ ಹಾಕು ಎಂದು ಇನ್ನೊಬ್ಬ. ನಮ್ಮೂರ ಜಾತ್ರೆಯಲ್ಲಿ ಇದನ್ನು ಇಟ್ಟು, ಜನರೇ ಗುಂಡಿ ಒತ್ತಿ ನುಡಿಸುವಂತೆ ಮಾಡಬೇಕೆಂಬುದು ನನ್ನ ಆಸೆ. ಆದರೆ ಊರಿನ ತಮಟೆ ತಂಡದ ಹಿರಿಯರೊಬ್ಬರು ಬಂದು ನೋಡಿ, ಒಂದು ಮಾತೂ ಆಡದೆ ಹೊರಟುಹೋದರು. ಅಂದಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಇದನ್ನು ಸಾರ್ವಜನಿಕವಾಗಿ ಇಡುವುದು ಸರಿಯೇ?

ಉತ್ತರ: ನೀವು ಹೇಳಿರುವ ಮೂರು ತಾಂತ್ರಿಕ ತೊಂದರೆಗಳೂ ಸರಿಹೋಗುವಂಥವು, ಅವಕ್ಕೆ ದೊಡ್ಡ ಖರ್ಚೂ ಬೇಕಿಲ್ಲ. ಹಿರಿಯರ ಮೌನ ಬೇರೆ ಬಗೆಯದು. ಆದರೂ ತಮಟೆಯ ಸತ್ತ ನಾದಕ್ಕೂ ಆ ಮೌನಕ್ಕೂ ಮೂಲದಲ್ಲಿ ಒಂದೇ ಕಾರಣವಿದೆ ಎಂಬುದು ನನ್ನ ಅಭಿಪ್ರಾಯ: ತಮಟೆಯವರು ನಿಲ್ಲುವ ಜಾಗದಲ್ಲಿ ನಿಂತು, ಅವರು ಬಡಿಯುವುದನ್ನೇ ಬಡಿಯಲಿ ಎಂದು ನೀವು ಯಂತ್ರವನ್ನು ಕೇಳುತ್ತಿದ್ದೀರಿ. ಆ ಬೇಡಿಕೆಯನ್ನು ಬದಲಿಸಿದರೆ ಎರಡೂ ಕಡೆ ದಾರಿ ಬಿಡುತ್ತದೆ. ತುಮಕೂರಿನಲ್ಲಿ ಇನ್‌ಸ್ಟ್ರುಮೆಂಟೇಶನ್ ಪಾಠ ಹೇಳುತ್ತ, ವಸ್ತುಪ್ರದರ್ಶನಗಳಿಗೆ ಚಲಿಸುವ, ನುಡಿಯುವ ಮಾದರಿಗಳನ್ನು ಕಟ್ಟಿಕೊಡುತ್ತ ಬಂದ ಅನುಭವದಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಬೋರ್ಡ್ ನಿಂತುಹೋಗುವ ವಿಷಯ. ಈ ಗಾತ್ರದ 12 ವೋಲ್ಟ್ ಸೊಲೆನಾಯ್ಡ್ ಒಂದೊಂದೂ ಸುಮಾರು ಒಂದು ಆಂಪಿಯರ್ ಎಳೆಯುತ್ತದೆ. ಎಂಟೂ ಒಟ್ಟಿಗೆ ಎಳೆದರೆ ನಿಮ್ಮ 5 ಆಂಪಿಯರ್‌ನ ಎಸ್‌ಎಂಪಿಎಸ್ ತಡೆಯಲಾರದೆ ವೋಲ್ಟೇಜ್ ಕುಸಿಯುತ್ತದೆ, ಅದೇ ಪೂರೈಕೆಯಲ್ಲಿ ನಡೆಯುವ ಬೋರ್ಡ್ ರೀಸೆಟ್ ಆಗುತ್ತದೆ. ಭಾರಿ ಮೋಟರ್ ಶುರುವಾದಾಗ ಘಟಕದ ದೀಪ ಮಂಕಾಗುವುದನ್ನು ನೀವು ದಿನವೂ ನೋಡುವವರು, ಇಲ್ಲಿ ನಡೆಯುತ್ತಿರುವುದೂ ಅದೇ. ಬೋರ್ಡ್‌ಗೆ ಪ್ರತ್ಯೇಕ ಪೂರೈಕೆ ಕೊಡಿ. ಎರಡೂ ಪೂರೈಕೆಗಳ ಋಣ ತಂತಿಗಳನ್ನು ಒಂದೇ ಬಿಂದುವಿನಲ್ಲಿ ಸೇರಿಸಿ. ಸೊಲೆನಾಯ್ಡ್‌ಗಳ ಸಾಲಿನ ಪಕ್ಕದಲ್ಲಿಯೇ 4700 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಒಂದನ್ನು ಇಡಿ. ಊನೊ ಬೋರ್ಡ್‌ನ ಪಿನ್ನಿನಿಂದ ನೇರವಾಗಿ ಯಾವ ಕಾಯಿಲ್ಲನ್ನೂ ನಡೆಸಬಾರದು, ಏಕೆಂದರೆ ಅದರ ಮೇಲ್ಮಿತಿ 40 ಮಿಲಿಆಂಪಿಯರ್, ನೆಮ್ಮದಿಯ ಮಿತಿ 20 ಮಾತ್ರ. ನಡುವೆ 5 ವೋಲ್ಟ್ ಸಂಕೇತಕ್ಕೆ ಪೂರ್ತಿ ತೆರೆದುಕೊಳ್ಳುವ ಐಆರ್‌ಎಲ್‌ಝಡ್44ಎನ್‌ನಂಥ ಮಾಸ್ಫೆಟ್ (ವಿದ್ಯುನ್ಮಾನ ಸ್ವಿಚ್) ಇರಲಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅದರ ಹೆಸರು ಹೇಳಿದರೆ ಕೆಲವೊಮ್ಮೆ ಐಆರ್‌ಎಫ್ ಸರಣಿಯದನ್ನು ಕೊಡುತ್ತಾರೆ. ಅದು 5 ವೋಲ್ಟ್‌ನಲ್ಲಿ ಅರೆಬರೆ ತೆರೆದು ಬಿಸಿಯಾಗುತ್ತದೆ, ಆದ್ದರಿಂದ ಅಕ್ಷರ ನೋಡಿಯೇ ಕೊಳ್ಳಿ.

ಲಯ ತಪ್ಪುವುದರ ಕಾರಣ ಇನ್ನೂ ಸರಳ. ಊನೊ ಬೋರ್ಡ್‌ನ ಗಡಿಯಾರ ಸೆರಾಮಿಕ್ ರೆಸೊನೇಟರ್‌ನಿಂದ ನಡೆಯುವಂಥದ್ದು, ಕ್ವಾರ್ಟ್ಜ್ ಹರಳಿನಷ್ಟು ಕರಾರುವಾಕ್ಕಲ್ಲ. ಎರಡು ಬೋರ್ಡ್‌ಗಳ ನಡುವೆ ಸಾವಿರಕ್ಕೆ ಒಂದರಷ್ಟು ವ್ಯತ್ಯಾಸವಿದ್ದರೂ ನಿಮಿಷಕ್ಕೆ 60 ಮಿಲಿಸೆಕೆಂಡ್ ತಪ್ಪುತ್ತದೆ, ಅಂದರೆ ಎರಡನೆಯ ನಿಮಿಷಕ್ಕೇ ಕಿವಿಗೆ ಅದು ಕಿರಿಕಿರಿಯಾಗಿರುತ್ತದೆ. ಎಂಟು ಸೊಲೆನಾಯ್ಡ್‌ಗಳಿಗೆ ಒಂದೇ ಬೋರ್ಡ್ ಸಾಕು. ಎರಡು ಬೇಕೇಬೇಕೆಂದರೆ, ಒಂದು ಯಜಮಾನನಾಗಿ ಪ್ರತಿ ಮಾತ್ರೆಗೂ ಇನ್ನೊಂದಕ್ಕೆ ಸಂಕೇತ ಕಳುಹಿಸಬೇಕು. ವಿದ್ಯುನ್ಮಾನ ವಾದ್ಯಗಳು ಒಂದಕ್ಕೊಂದು ಸಂಕೇತ ಕಳುಹಿಸಲು 1983ರಲ್ಲಿ ಬಂದ ಮಿಡಿ ಪದ್ಧತಿ ಇದಕ್ಕಾಗಿಯೇ ಪ್ರತಿ ಕ್ವಾರ್ಟರ್ ನೋಟಿಗೆ (ಪಾಶ್ಚಾತ್ಯ ಸಂಗೀತದ ಕಾಲು ಸ್ವರ) 24 ಮಿಡಿತಗಳ ವ್ಯವಸ್ಥೆಯನ್ನು ಮಾಡಿಟ್ಟಿದೆ. ಪ್ರೋಗ್ರಾಂನಲ್ಲಿ ಡಿಲೇ ಆಜ್ಞೆಯನ್ನು ಬಳಸಿ ಪೆಟ್ಟಿನಿಂದ ಪೆಟ್ಟಿಗೆ ಕಾಯುತ್ತಿದ್ದರೆ ಅದನ್ನೂ ಬಿಡಿ. ನಡುವೆ ಬೋರ್ಡ್ ಮಾಡುವ ಉಳಿದ ಕೆಲಸಗಳ ಕಾಲವೆಲ್ಲ ಸೇರಿಕೊಂಡು ತಪ್ಪು ಬೆಳೆಯುತ್ತ ಹೋಗುತ್ತದೆ. ವರಸೆ ಶುರುವಾದ ಕ್ಷಣದಿಂದ ಲೆಕ್ಕ ಹಾಕಿ, ಪ್ರತಿಯೊಂದು ಪೆಟ್ಟೂ ಯಾವ ಕ್ಷಣಕ್ಕೆ ಬೀಳಬೇಕೆಂದು ಮೊದಲೇ ನಿಗದಿ ಮಾಡಿ.

ನಾದದ ವಿಷಯಕ್ಕೆ ಹೆಚ್ಚು ಜಾಗ ಕೊಡಬೇಕು, ಏಕೆಂದರೆ ಇಂಥ ಯಂತ್ರ ಮಾಡುವವರಲ್ಲಿ ಬಹುಪಾಲು ಜನ ಸೋಲುವುದು ಇಲ್ಲಿಯೇ. ನಿಮ್ಮ ತಮಟೆ ಸತ್ತಂತೆ ಕೇಳಿಸಲು ಬಹುಮಟ್ಟಿಗೆ ಮೂರು ಕಾರಣಗಳಿರುತ್ತವೆ, ಅವುಗಳಲ್ಲಿ ಚರ್ಮ ಕೊನೆಯದು.

ಮೊದಲನೆಯದು, ಕೋಲು ಚರ್ಮದ ಮೇಲೆ ತಂಗುವುದು. ಸೊಲೆನಾಯ್ಡ್‌ಗೆ 50 ಅಥವಾ 100 ಮಿಲಿಸೆಕೆಂಡ್ ವಿದ್ಯುತ್ ಕೊಟ್ಟರೆ ಅದು ಬಡಿದ ಮೇಲೂ ಚರ್ಮವನ್ನು ಒತ್ತಿ ಹಿಡಿದಿರುತ್ತದೆ; ಚರ್ಮ ಕಂಪಿಸುವುದಾದರೂ ಹೇಗೆ? ಮನುಷ್ಯನ ಕೈಯ ಕೋಲು ಚರ್ಮ ಮುಟ್ಟಿದ ಮರುಗಳಿಗೆಯಲ್ಲೇ ಚಿಮ್ಮಿ ಹಿಂದಕ್ಕೆ ಬರುತ್ತದೆ. ವಿದ್ಯುತ್ತನ್ನು 8ರಿಂದ 20 ಮಿಲಿಸೆಕೆಂಡ್‌ಗೆ ಇಳಿಸಿ, ಕೋಲು ಚರ್ಮವನ್ನು ತಲುಪುವ ಮೊದಲೇ ಅದು ಕಡಿತವಾಗಿ, ಉಳಿದ ದೂರವನ್ನು ಕೋಲು ತನ್ನ ವೇಗದಲ್ಲಿಯೇ ಸಾಗುವಂತೆ ಮಾಡಬೇಕು. ಇಲ್ಲೊಂದು ಸೂಕ್ಷ್ಮವಿದೆ. ಕಾಯಿಲ್‌ನ ಹಿಮ್ಮುಖ ವೋಲ್ಟೇಜ್‌ನಿಂದ ಮಾಸ್ಫೆಟ್ಟನ್ನು ಕಾಪಾಡಲು ನೀವು 1ಎನ್4007 ಡಯೋಡ್ ಹಾಕಿರುತ್ತೀರಿ, ಹಾಕಲೇಬೇಕು. ಆದರೆ ಬರಿಯ ಡಯೋಡ್ ಇದ್ದಾಗ ಕಾಯಿಲ್‌ನಲ್ಲಿ ಉಳಿದ ಕರೆಂಟು ನಿಧಾನವಾಗಿ ಇಳಿಯುತ್ತದೆ, ಕೋಲು ಹಿಂದಕ್ಕೆ ಬರುವುದೂ ತಡವಾಗುತ್ತದೆ. ಡಯೋಡಿನ ಜೊತೆಗೆ ಸರಣಿಯಲ್ಲಿ ಸುಮಾರು 15 ವೋಲ್ಟ್‌ನ ಝೀನರ್ ಡಯೋಡ್ ಒಂದನ್ನು ಎದುರುಮುಖವಾಗಿ ಸೇರಿಸಿದರೆ ಬಿಡುಗಡೆ ಚುರುಕಾಗುತ್ತದೆ.

ಎರಡನೆಯದು, ಚೌಕಟ್ಟು. ತಮಟೆ ಹೆಗಲಿನಿಂದ ಇಳಿಬಿದ್ದು ದೇಹಕ್ಕೆ ಒರಗಿ ನುಡಿಯುವ ವಾದ್ಯ. ಅದರ ಬಳೆಯನ್ನು ಕಬ್ಬಿಣಕ್ಕೆ ಬೋಲ್ಟ್ ಹಾಕಿ ಬಿಗಿದರೆ ಅರ್ಧ ನಾದ ಚೌಕಟ್ಟಿಗೆ ಹೋಗುತ್ತದೆ. ಹಗ್ಗದಲ್ಲಿ ಎರಡು ಕಡೆ ತೂಗುಹಾಕಿ, ಹಿಂದಿನಿಂದ ಸೈಕಲ್ ಟ್ಯೂಬಿನ ತುಂಡಿನಷ್ಟು ಮೆತ್ತನೆಯ ಆಸರೆ ಕೊಡಿ. ನಗಾರಿಗೆ ತನ್ನದೇ ತೂಕವಿರುವುದರಿಂದ ಇದರ ಅಗತ್ಯ ಅಷ್ಟಿಲ್ಲ.

ಮೂರನೆಯದು, ಬಡಿಯುವ ವಸ್ತು. ಸೊಲೆನಾಯ್ಡ್‌ನ ಕಬ್ಬಿಣದ ಕಡ್ಡಿಯೇ ಚರ್ಮಕ್ಕೆ ತಗಲುವಂತೆ ಮಾಡಿದ್ದರೆ ಡಬ್ಬದ ಸದ್ದೇ ಬರುತ್ತದೆ, ಚರ್ಮವೂ ಬೇಗ ತೂತಾಗುತ್ತದೆ. ತಮಟೆಯವರು ಒಂದು ಕೈಯಲ್ಲಿ ದಪ್ಪನೆಯ ಗಿಡ್ಡ ಕೋಲನ್ನೂ ಇನ್ನೊಂದರಲ್ಲಿ ತೆಳ್ಳನೆಯ ಉದ್ದ ಕಡ್ಡಿಯನ್ನೂ ಹಿಡಿಯುವುದು ಸುಮ್ಮನೆ ಅಲ್ಲ: ಒಂದು ನಡುವಿನ ಭಾರದ ನಾದವನ್ನು ಎಬ್ಬಿಸುತ್ತದೆ, ಇನ್ನೊಂದು ಬಾಗಿ ಚಾಟಿಯಂತೆ ಅಂಚಿನ ಚುರುಕು ನಾದವನ್ನು ಕೊಡುತ್ತದೆ. ಅದೇ ಕೋಲುಗಳನ್ನು ಒಂದು ಕೀಲಿನ ಮೇಲೆ ಕೂರಿಸಿ, ಗಿಡ್ಡ ತುದಿಯನ್ನು ಸೊಲೆನಾಯ್ಡ್ ಎಳೆಯುವಂತೆ ಮಾಡಿ. 10 ಮಿಲಿಮೀಟರ್ ಎಳೆತ ಇನ್ನೊಂದು ತುದಿಯಲ್ಲಿ 40 ಮಿಲಿಮೀಟರ್ ಆಗುತ್ತದೆ. ಬಿದಿರಿನ ಸೀಳು ಬಾಗುವ ಗುಣವನ್ನು ಯಾವ ಪ್ರೋಗ್ರಾಂನಿಂದಲೂ ತರಲಾಗುವುದಿಲ್ಲ. ಸೊಲೆನಾಯ್ಡ್ ಎಳೆತದ ಆರಂಭದಲ್ಲಿ ಬಹಳ ದುರ್ಬಲ, ಕೊನೆಯಲ್ಲಿ ಬಲಶಾಲಿ. ಹಾಗಾಗಿ ನಡುವಿನ ಅಂತರವನ್ನು ಆದಷ್ಟು ಕಡಿಮೆ ಇಡಿ.

ಪೆಟ್ಟಿಗೆ ಇನ್ನಷ್ಟು ಬಿರುಸು ಬೇಕೆಂದರೆ 12 ವೋಲ್ಟ್ ಕಾಯಿಲ್‌ಗೆ ಕ್ಷಣಕಾಲ 24 ವೋಲ್ಟ್ ಕೊಡುವ ಪದ್ಧತಿಯಿದೆ. ಶಾಖ ನಾಲ್ಕು ಪಟ್ಟಾಗುತ್ತದೆ ನಿಜ, ಆದರೆ 10 ಮಿಲಿಸೆಕೆಂಡ್‌ನ ಪೆಟ್ಟು ಸೆಕೆಂಡಿಗೆ ಐದು ಬಿದ್ದರೆ ಕಾಯಿಲ್ ಕೆಲಸ ಮಾಡುವುದು ನೂರಕ್ಕೆ ಐದರಷ್ಟು ಹೊತ್ತು ಮಾತ್ರ, ಆದ್ದರಿಂದ ಸರಾಸರಿ ಶಾಖ ಹಿಡಿತದಲ್ಲಿಯೇ ಇರುತ್ತದೆ. ಅಪಾಯವಿರುವುದು ಬೇರೆಡೆ. ಪ್ರೋಗ್ರಾಂ ಸಿಕ್ಕಿಹಾಕಿಕೊಂಡು ಒಂದು ಪಿನ್ ಚಾಲೂ ಸ್ಥಿತಿಯಲ್ಲೇ ನಿಂತರೆ ಕಾಯಿಲ್ ಸುಟ್ಟು ಹೊಗೆಯಾಡುತ್ತದೆ. ಪ್ರೋಗ್ರಾಂ ಸಿಕ್ಕಿಕೊಂಡರೆ ಬೋರ್ಡನ್ನು ತಾನೇ ಮರುಶುರು ಮಾಡುವ ವಾಚ್‌ಡಾಗ್ ವ್ಯವಸ್ಥೆಯನ್ನು ಚಾಲೂ ಮಾಡದೆ, ಪ್ರತಿ ಕಾಯಿಲ್‌ಗೂ ನಿಧಾನವಾಗಿ ಕರಗುವ ಬೇರೆ ಬೇರೆ ಫ್ಯೂಸ್ ಹಾಕದೆ, ಜನರ ನಡುವೆ 24 ವೋಲ್ಟ್‌ನಲ್ಲಿ ನಡೆಸಬೇಡಿ.

ಇನ್ನು ಚರ್ಮ. ಫೈಬರ್ ತಮಟೆಗೆ ಬೆಂಕಿಯಲ್ಲಿ ಕಾಯಿಸುವ ಗೋಜಿಲ್ಲ, ಮಂಜು ಬಿದ್ದರೂ ಶ್ರುತಿ ಇಳಿಯದು. ಆದರೆ ಅದರ ಸದ್ದು ತೀಕ್ಷ್ಣ. ಮೇಲಿನ ಮೂರು ದೋಷಗಳನ್ನು ತಿದ್ದದೆ ಫೈಬರ್ ಹಾಕಿದರೆ ಡಬ್ಬದ ಸದ್ದು ಇನ್ನೂ ಜೋರಾದ ಡಬ್ಬದ ಸದ್ದಾಗುತ್ತದೆ, ಅಷ್ಟೆ. ಒಂದು ತಮಟೆ ಚರ್ಮದ್ದು, ಒಂದು ಫೈಬರಿನದು ಇರಲಿ ಎಂದು ನಾನು ಹೇಳುತ್ತೇನೆ. ಚರ್ಮದ್ದನ್ನು ಬಿಗಿಯಾಗಿಡಲು ತಂತಿಗಳ ಬಳಿ ಬೆಂಕಿ ಬೇಡ. ಹಿಂಬದಿಯಲ್ಲಿ ಒಂದು ಅಡಿ ದೂರದಲ್ಲಿ, ಜಾಲರಿಯೊಳಗೆ, ವಾಹನದ ಹೆಡ್‌ಲೈಟಿಗೆ ಬಳಸುವ 12 ವೋಲ್ಟ್‌ನ 55 ವ್ಯಾಟ್ ಬಲ್ಬನ್ನು ಉರಿಸಿದರೆ ಸಾಕಾಗುತ್ತದೆ. ಅದಕ್ಕೂ ಪ್ರತ್ಯೇಕ ಪೂರೈಕೆ ಬೇಕು.

ಕಾಲವನ್ನು ಹಿಂದೆ ಮುಂದೆ ಮಾಡಿದರೆ ಮನುಷ್ಯನಂತಾಗುತ್ತದೆ ಎಂಬ ನಿಮ್ಮ ಗೆಳೆಯರ ಮಾತು ಬಹಳ ಕಡೆ ಕೇಳಿಬರುವಂಥದ್ದು, ಆದರೆ ಸರಿಯಲ್ಲ. ನುರಿತ ಕೈ ಕಾಲವನ್ನು ಸರಿಸುವುದು ಮನಬಂದಂತೆ ಅಲ್ಲ. ಒತ್ತು ಬೀಳುವ ಪೆಟ್ಟಿಗೆ ಮುನ್ನ ಒಂದು ಎಳೆಯಷ್ಟು ತಡೆಯುತ್ತದೆ, ಕುಣಿಯುವವರ ಹೆಜ್ಜೆ ನೋಡಿ ಮುನ್ನುಗ್ಗುತ್ತದೆ, ಪಕ್ಕದ ತಮಟೆಯವನ ಕಡೆಗೆ ಕಿವಿ ಕೊಟ್ಟು ಹಿಂಜರಿಯುತ್ತದೆ; ಪ್ರತಿಯೊಂದಕ್ಕೂ ಕಾರಣವಿದೆ. ಕಾರಣವಿಲ್ಲದ ಏರುಪೇರು ಕಲಿಯುವವನ ತಪ್ಪಿನಂತೆ ಕೇಳಿಸುತ್ತದೆಯೇ ಹೊರತು ಕಲಾವಿದನ ಜಾಣ್ಮೆಯಂತಲ್ಲ. ಅದಲ್ಲದೆ ನಿಮ್ಮ ಯಂತ್ರದಲ್ಲಿ ಈಗಾಗಲೇ ಬೇಡದ ಏರುಪೇರು ಇದೆ. ವಿದ್ಯುತ್ ಕೊಟ್ಟ ಗಳಿಗೆಯಿಂದ ಕೋಲು ಚರ್ಮಕ್ಕೆ ತಗಲುವವರೆಗೆ 10ರಿಂದ 30 ಮಿಲಿಸೆಕೆಂಡ್ ಹಿಡಿಯಬಹುದು, ಅದು ಒಂದೊಂದು ಸೊಲೆನಾಯ್ಡ್‌ಗೆ ಒಂದೊಂದು ಬಗೆ. ಮೆಲ್ಲನೆಯ ಪೆಟ್ಟು ಜೋರಿನ ಪೆಟ್ಟಿಗಿಂತ ತಡವಾಗಿ ತಲುಪುತ್ತದೆ. ಇದನ್ನು ಅಳೆಯುವುದು ಕಷ್ಟವಲ್ಲ. ಬೋರ್ಡ್‌ನ ಸಂಕೇತವನ್ನು ರೆಸಿಸ್ಟರ್‌ಗಳ ಮೂಲಕ ತಗ್ಗಿಸಿ ರೆಕಾರ್ಡಿಂಗ್‌ನ ಎಡ ಚಾನೆಲ್ಲಿಗೂ, ಮೈಕನ್ನು ಬಲ ಚಾನೆಲ್ಲಿಗೂ ಕೊಟ್ಟು, ಕಂಪ್ಯೂಟರಿನಲ್ಲಿ ಎರಡು ಗೆರೆಗಳ ನಡುವಿನ ಅಂತರವನ್ನು ನೋಡಿ. ಪ್ರತಿ ಕೋಲಿಗೂ, ಮೆಲು, ನಡು, ಜೋರು ಎಂಬ ಮೂರು ಬಲಗಳಿಗೂ ಒಂದು ಪಟ್ಟಿ ಮಾಡಿ, ಅಷ್ಟು ಮುಂಚಿತವಾಗಿ ಸಂಕೇತ ಕಳುಹಿಸಿ. ಮೈಕನ್ನು ಒಂದೇ ದೂರದಲ್ಲಿ ಇಡುವುದನ್ನು ಮರೆಯಬೇಡಿ, ಗಾಳಿಯಲ್ಲಿ ಸದ್ದು ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ.

ಇಷ್ಟೆಲ್ಲ ಮಾಡಿದ ಮೇಲೆ ನಿಮ್ಮ ಯಂತ್ರ ಚೆನ್ನಾಗಿ ನುಡಿಯುತ್ತದೆ. ತಮಟೆ ತಂಡದಂತೆ ನುಡಿಯುವುದಿಲ್ಲ. ಅದು ನುಡಿಯಬೇಕಾಗಿಯೂ ಇಲ್ಲ. ಸೆಕೆಂಡಿಗೆ ಹತ್ತು ಪೆಟ್ಟಿನ ವೇಗದಲ್ಲಿ ಗಂಟೆಗಟ್ಟಲೆ ದಣಿಯದೆ ಬಡಿಯುವುದು, ಒಂದು ತಮಟೆಯಲ್ಲಿ ಐದರ ನಡೆಯನ್ನೂ ಇನ್ನೊಂದರಲ್ಲಿ ಏಳರ ನಡೆಯನ್ನೂ ಹಿಡಿದು 35ನೆಯ ಮಾತ್ರೆಯಲ್ಲಿ ಕೂದಲೆಳೆಯಷ್ಟೂ ತಪ್ಪದೆ ಸೇರುವುದು, ಪಿಸುಗುಟ್ಟುವಷ್ಟು ಮೆಲ್ಲಗೆ ಶುರುಮಾಡಿ ಮೂರು ನಿಮಿಷ ಒಂದೇ ಸಮನೆ ಏರುತ್ತ ಹೋಗುವುದು, ಇವೆಲ್ಲ ಯಂತ್ರಕ್ಕೆ ಸಹಜವಾಗಿ ಬರುವಂಥವು. ವರಸೆಗಳ ನಕಲು ಮಾಡುವುದನ್ನು ಬಿಟ್ಟು ಯಂತ್ರಕ್ಕಾಗಿಯೇ ಹೊಸದನ್ನು ಕಟ್ಟಿದರೆ ಕೇಳುವವರು ಹೋಲಿಸಿ ನೋಡುವುದನ್ನು ನಿಲ್ಲಿಸುತ್ತಾರೆ.

ಹಿರಿಯರು ಏಕೆ ಮಾತಾಡದೆ ಹೋದರೆಂದು ನಾನು ಊಹಿಸಿ ಹೇಳುವುದು ಸರಿಯಲ್ಲ, ಆದರೆ ಅವರು ಏನನ್ನು ನೋಡಿ ಬಲ್ಲವರು ಎಂಬುದನ್ನು ನೆನಪಿಸಿಕೊಳ್ಳಬಹುದು. ನಮ್ಮ ಕಡೆಯ ಬಹಳಷ್ಟು ದೇವಸ್ಥಾನಗಳಲ್ಲಿ ಮಂಗಳಾರತಿಯ ಹೊತ್ತಿಗೆ ಸ್ವಿಚ್ ಒತ್ತಿದರೆ ನಗಾರಿ, ಜಾಗಟೆ, ಗಂಟೆಗಳು ಒಟ್ಟಿಗೆ ನುಡಿಯುವ ಮೋಟರ್ ಯಂತ್ರವಿದೆ. ಒಂದೇ ಮೋಟರ್, ಒಂದೇ ಅಚ್ಚು, ಅದರ ಮೇಲಿನ ಉಬ್ಬುಗಳು ಕೋಲುಗಳನ್ನು ಎತ್ತಿ ಬಿಡುತ್ತವೆ. ಹಾಗಾಗಿ ವರಸೆ ಎಂದಿಗೂ ಬದಲಾಗದು. ಆ ಯಂತ್ರ ಬಂದ ಕಡೆ ಬಾರಿಸುವವರನ್ನು ಕರೆಯುವ ಪದ್ಧತಿ ನಿಂತಿತು. ಜನ ನಿಮ್ಮ ಯಂತ್ರವನ್ನು ಮೊದಲು ಹೋಲಿಸುವುದು ಅದರೊಂದಿಗೆ. ಪ್ರತಿ ಕೋಲೂ ಸ್ವತಂತ್ರ, ವರಸೆ ಬದಲಿಸಬಹುದು ಎಂದು ನೀವು ವಿವರಿಸಬಹುದು. ಆದರೆ ತಮಟೆಯವರ ಕಿವಿಗೆ ಆ ವಿವರಣೆ ಇನ್ನೂ ಭಯ ಹುಟ್ಟಿಸುವಂಥದ್ದು.

ಇದರಲ್ಲಿ ಇನ್ನೊಂದು ಮಗ್ಗುಲಿದೆ, ಅದನ್ನು ಮರೆಮಾಚಿ ಬರೆಯುವುದು ನನಗೆ ಹಿಡಿಸದು. ತಮಟೆ ಬಹಳ ಕಾಲ ದಲಿತ ಕೇರಿಗಳ ಮೇಲೆ ಹೇರಿದ ಬಿಟ್ಟಿ ಚಾಕರಿಯಾಗಿತ್ತು. ಸಾವಿಗೂ ಹಬ್ಬಕ್ಕೂ ಬಂದು ಬಡಿಯಲೇಬೇಕೆಂಬ ಕಟ್ಟಳೆಯನ್ನು ಧಿಕ್ಕರಿಸಿ ಅದನ್ನು ಕೈಬಿಟ್ಟವರಿದ್ದಾರೆ. ಅದೇ ತಮಟೆಯನ್ನು ಹೋರಾಟದ ಹಾಡಿಗೆ, ವೇದಿಕೆಗೆ ತಂದು ಗೌರವದ ಕಲೆಯಾಗಿಸಿದವರೂ ಇದ್ದಾರೆ. ನಿಮ್ಮದೇ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಸಂದ ಮನ್ನಣೆ ಒಬ್ಬರಿಗಷ್ಟೇ ಸಂದದ್ದಾಗಿರಲಿಲ್ಲ. ಚಾಕರಿಯಾಗಿದ್ದಾಗ ಯಾರೂ ಬೇಡವೆನ್ನದ ಕೆಲಸ, ಗೌರವ ಬರುವ ಹೊತ್ತಿಗೆ ಯಂತ್ರದ ಪಾಲಾಗುತ್ತಿದೆ ಎಂದು ಒಬ್ಬ ಹಿರಿಯರಿಗೆ ಅನ್ನಿಸಿದರೆ ಅದನ್ನು ಅಜ್ಞಾನವೆನ್ನಲಾಗದು.

ನಿಮ್ಮ ಊರು ರೇಷ್ಮೆಯ ಊರಾದ್ದರಿಂದ ಒಂದು ಹಳೆಯ ಸಂಗತಿಯನ್ನು ಹೇಳಬೇಕೆನಿಸುತ್ತದೆ. ಫ್ರಾನ್ಸಿನ ಝಾಕ್ ದ ವೊಕಾನ್ಸನ್ ಎಂಬವನು 1738ರಲ್ಲಿ ಪ್ಯಾರಿಸ್‌ನಲ್ಲಿ ನಿಜವಾದ ಕೊಳಲನ್ನು ಉಸಿರು, ತುಟಿ, ಬೆರಳುಗಳಿಂದ ನುಡಿಸುವ ಯಾಂತ್ರಿಕ ಗೊಂಬೆಯನ್ನು ಪ್ರದರ್ಶಿಸಿದ. ಜನ ಹಣ ಕೊಟ್ಟು ಬಂದು ನೋಡಿ ಮೆಚ್ಚಿದರು. 1741ರಲ್ಲಿ ಅವನನ್ನು ಅಲ್ಲಿನ ರೇಷ್ಮೆ ಉದ್ಯಮದ ಮೇಲ್ವಿಚಾರಕನನ್ನಾಗಿ ನೇಮಿಸಲಾಯಿತು. ಅವನು ತಂದ ಹೊಸ ಕಟ್ಟಳೆಗಳ ವಿರುದ್ಧ ಲಿಯಾನ್ ಪಟ್ಟಣದ ರೇಷ್ಮೆ ನೇಕಾರರು 1744ರಲ್ಲಿ ದಂಗೆ ಎದ್ದರು, ಅವನು ಊರು ಬಿಟ್ಟು ಓಡಬೇಕಾಯಿತು. ಕೊಳಲಿನ ಗೊಂಬೆಯ ಮೇಲೆ ಯಾರೂ ಸಿಟ್ಟಾಗಿರಲಿಲ್ಲ, ಏಕೆಂದರೆ ಅದು ಯಾರ ಕೂಲಿಯನ್ನೂ ಕೇಳಿರಲಿಲ್ಲ. ನಿಮ್ಮ ಯಂತ್ರದ ವಿಷಯದಲ್ಲಿಯೂ ಪ್ರಶ್ನೆ ಬರುವುದು ಅದು ನುಡಿಯುತ್ತದೆ ಎಂಬುದಕ್ಕಲ್ಲ, ಎಲ್ಲಿ, ಯಾರಿಗೆ ಬದಲಾಗಿ ನುಡಿಯುತ್ತದೆ ಎಂಬುದಕ್ಕೆ.

ಆದ್ದರಿಂದ ಎಲ್ಲಿ ಇಡಬೇಕೆಂಬ ಆಯ್ಕೆಗಳನ್ನು ಹೀಗೆ ನೋಡುತ್ತೇನೆ. ದೇವಸ್ಥಾನದ ಅಂಗಳದಲ್ಲಿ, ಮೆರವಣಿಗೆಯ ಹೊತ್ತಿನಲ್ಲಿ ಇಡುವುದು ಬೇಡ. ಅದು ನೇರವಾಗಿ ತಂಡದ ಜಾಗ, ಮುಂದಿನ ವರ್ಷ ಸಮಿತಿಯವರು ಯಂತ್ರ ಸಾಕು ಎಂದರೆ ನಿಮ್ಮಿಂದ ತಡೆಯಲಾಗದು. ಜಾತ್ರೆಯ ಅಂಗಡಿ ಸಾಲಿನ ಕಡೆ, ಬೇರೆ ಮಳಿಗೆಯಲ್ಲಿ, ಹಗಲು ಹೊತ್ತು ಇಡಬಹುದು. ಶಿವರಾತ್ರಿಯ ಸಮಯದಲ್ಲಿ ಸಿದ್ಧಗಂಗೆಯ ಜಾತ್ರೆಯಲ್ಲಿ ನಡೆಯುವ ವಸ್ತುಪ್ರದರ್ಶನದಂಥ ಕಡೆ ಜನ ನೋಡಿ ಕಲಿಯುವ ಮನಸ್ಸಿನಿಂದಲೇ ಬರುತ್ತಾರೆ, ಪ್ರಶ್ನೆಯನ್ನೂ ಕೇಳುತ್ತಾರೆ. ಆದರೆ ಧೂಳು, ನೂಕುನುಗ್ಗಲು ವಿಪರೀತ. ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಶಾಲೆಗಳಿಗೆ ಕೊಂಡೊಯ್ಯುವುದು ಎಲ್ಲಕ್ಕಿಂತ ಸುರಕ್ಷಿತ, ಅಲ್ಲಿ ಮಕ್ಕಳಿಂದ ಯಂತ್ರಕ್ಕೆ ಆಗುವ ಹಾನಿ ಮಾತ್ರ ಖಚಿತ. ಕೋಲಾರದ ತೇರಹಳ್ಳಿ ಬೆಟ್ಟದ ಆದಿಮ ಸಾಂಸ್ಕೃತಿಕ ಕೇಂದ್ರದಲ್ಲಿ ಹುಣ್ಣಿಮೆಯ ರಾತ್ರಿಗಳಲ್ಲಿ ಸೇರುವಂಥ, ತಮಟೆಯನ್ನು ಬಲ್ಲ ಕೇಳುಗರ ಮುಂದೆ ಇಡುವುದು ಎಲ್ಲಕ್ಕಿಂತ ಕಠಿಣವಾದ ಪರೀಕ್ಷೆ. ಆ ಧೈರ್ಯ ಬರುವವರೆಗೆ ಕಾಯಿರಿ.

ನಾನು ಮೊದಲು ಸೂಚಿಸುವ ದಾರಿ ಇವುಗಳಲ್ಲಿ ಯಾವುದೂ ಅಲ್ಲ. ಯಂತ್ರವನ್ನು ತಂಡದ ಜೊತೆಗೆ ನುಡಿಸಿ. ಕಾಲವನ್ನು ತಂಡ ಹಿಡಿಯಲಿ, ಯಂತ್ರ ಹಿಂಬಾಲಿಸಲಿ. ಒಂದು ತಮಟೆಯ ಬಳೆಗೆ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪೀಜೊ ಬಿಲ್ಲೆಯೊಂದನ್ನು ಅಂಟಿಸಿದರೆ ಕಲಾವಿದರ ಪ್ರತಿ ಪೆಟ್ಟೂ ಬೋರ್ಡ್‌ಗೆ ತಿಳಿಯುತ್ತದೆ. ಅವರು ನಿಲ್ಲಿಸಿದಾಗ ಮಾತ್ರ ಯಂತ್ರ ಉತ್ತರ ಕೊಡುವಂತೆ ಬರೆಯಬಹುದು. ಅಮೆರಿಕದ ಜಾರ್ಜಿಯಾ ಟೆಕ್‌ನಲ್ಲಿ ಗಿಲ್ ವೈನ್‌ಬರ್ಗ್ ಅವರ ತಂಡ ಕಟ್ಟಿದ ಹೈಲಿ ಎಂಬ ಡೋಲು ಬಾರಿಸುವ ರೋಬೋಟ್ ಇದೇ ತತ್ವದ್ದು, ಎದುರಿನವರು ಬಾರಿಸಿದ್ದನ್ನು ಕೇಳಿ ಮರುನುಡಿಯುತ್ತದೆ. ನಮ್ಮ ಗಂಟೆ, ತಾಳ, ಡೋಲುಗಳನ್ನು ಸೊಲೆನಾಯ್ಡ್‌ಗಳಿಂದ ನುಡಿಸುವ ಅಜಯ್ ಕಪೂರ್ ಅವರ ಮಹಾದೇವಿಬಾಟ್ ಕೂಡ ಸಂಗೀತಗಾರರ ಪಕ್ಕದಲ್ಲಿ ನುಡಿಯಲೆಂದೇ ಮಾಡಿದ್ದು. ಇದರ ಅಪಾಯವೆಂದರೆ, ತಂಡದವರು ಬೇಡವೆನ್ನಬಹುದು. ಬೇಡವೆಂದರೆ ಅವರ ವರಸೆಗಳನ್ನು ರೆಕಾರ್ಡ್ ಮಾಡಿ ಯಂತ್ರಕ್ಕೆ ಹಾಕುವ ಹಕ್ಕು ನಿಮಗಿಲ್ಲ ಎಂದೇ ತಿಳಿಯಿರಿ. ಕಾನೂನಿನಲ್ಲಿ ಜನಪದ ವರಸೆಗೆ ಒಡೆಯನಿಲ್ಲದಿರಬಹುದು, ಊರಿನಲ್ಲಿ ಇದ್ದಾನೆ. ಒಪ್ಪಿದರೆ, ಕಲಿಸಿದ್ದಕ್ಕೂ ಜೊತೆಗೆ ನುಡಿಸಿದ್ದಕ್ಕೂ ಮೊದಲೇ ಸಂಭಾವನೆ ಮಾತಾಡಿಕೊಳ್ಳಿ. ಹಿರಿಯರ ಬಳಿಗೆ ಯಂತ್ರ ಬಿಟ್ಟು ಒಬ್ಬರೇ ಹೋಗಿ, ಅದರಲ್ಲಿ ಏನು ತಪ್ಪಿದೆಯೆಂದು ಕೇಳಿ. ನಾದ ಸತ್ತಿರುವುದನ್ನು ಅವರು ನಿಮಗಿಂತ ಮೊದಲೇ ಗುರುತಿಸಿರುತ್ತಾರೆ.

ಜನರೇ ಗುಂಡಿ ಒತ್ತಬೇಕೆಂಬ ನಿಮ್ಮ ಆಸೆ ಒಳ್ಳೆಯದು, ಅದರ ಪರಿಣಾಮಕ್ಕೂ ಸಿದ್ಧರಾಗಿರಿ. ಟಿಪ್ಪುವಿನ ಹುಲಿಯ ಕಥೆ ಇಲ್ಲಿ ಪ್ರಸ್ತುತ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿಯ ಮಗನಿಗಾಗಿ ಮಾಡಿದ ಆ ಮರದ ಹುಲಿಯ ಒಡಲಲ್ಲಿ 18 ಸ್ವರಗಳ ಸಣ್ಣ ಆರ್ಗನ್ ಇದೆ. ಹಿಡಿಕೆ ತಿರುಗಿಸಿದರೆ ಹುಲಿಯ ಗರ್ಜನೆ, ಅದರ ಕೆಳಗೆ ಬಿದ್ದಿರುವ ಯುರೋಪಿಯನ್ ಗೊಂಬೆಯ ನರಳಾಟ ಕೇಳಿಸುತ್ತಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಲಂಡನ್ನಿಗೆ ಹೋದ ಅದನ್ನು 1808ರಿಂದ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಸಾರ್ವಜನಿಕರಿಗೆ ಇಟ್ಟಾಗ, ಬಂದವರೆಲ್ಲ ಹಿಡಿಕೆ ತಿರುಗಿಸಿ ಪಕ್ಕದಲ್ಲಿ ಓದುತ್ತಿದ್ದವರ ತಲೆ ಕೆಡಿಸಿದರು. ಕೊನೆಗೆ ಆ ಹಿಡಿಕೆಯೇ ಇಲ್ಲವಾಯಿತು. ಜಾತ್ರೆಯ ಜನ ಲಂಡನ್ನಿನವರಿಗಿಂತ ಸಾವಧಾನಿಗಳೆಂದು ನಂಬಲು ನನ್ನಲ್ಲಿ ಆಧಾರವಿಲ್ಲ.

ಚಿಕ್ಕ ಗುಂಡಿಗಳನ್ನು ಹಾಕಬೇಡಿ, ವಿಡಿಯೊ ಗೇಮ್ ಅಂಗಡಿಗಳಲ್ಲಿರುವ ದೊಡ್ಡ ಗುಂಡಿಗಳನ್ನು ಹಾಕಿ. ಒತ್ತಿದ ಕೂಡಲೇ ಒಂದಾದರೂ ಕೋಲು ಬೀಳಬೇಕು. ತಡವಾದರೆ ಮಕ್ಕಳು ಗುಂಡಿಯನ್ನು ಗುದ್ದಲು ಶುರುಮಾಡುತ್ತಾರೆ. ಎರಡು ನಿಮಿಷ ನುಡಿದ ಮೇಲೆ ಯಂತ್ರ ತಾನೇ ಒಂದು ನಿಮಿಷ ಸುಮ್ಮನಿರಲಿ, ಕಾಯಿಲ್‌ಗಳೂ ತಣ್ಣಗಾಗುತ್ತವೆ. ಕೋಲುಗಳ ಮುಂದೆ ಪಾಲಿಕಾರ್ಬೊನೇಟ್ ಹಾಳೆ ಇರಲಿ. ಒಳಗಿನ ಕೀಲು, ತಂತಿ, ಬೋರ್ಡ್ ಎಲ್ಲವೂ ಕಾಣಲಿ, ಕೈ ಮಾತ್ರ ಹೋಗದಿರಲಿ. ಯಾರಾದರೂ ಒಬ್ಬರು ಬಂದು ಯಂತ್ರಕ್ಕೆ ಅರಿಶಿನ ಕುಂಕುಮ ಇಟ್ಟು ಕಾಯಿ ಒಡೆದೇ ಒಡೆಯುತ್ತಾರೆ, ಅದಕ್ಕೊಂದು ಜಾಗವನ್ನು ಬೋರ್ಡ್‌ನಿಂದ ದೂರದಲ್ಲಿ ನೀವೇ ಮಾಡಿಡುವುದು ಜಾಣತನ. 230 ವೋಲ್ಟ್‌ನ ಯಾವ ತಂತಿಯೂ ಜನರ ಕಡೆಗೆ ಬರಬಾರದು. ಎಸ್‌ಎಂಪಿಎಸ್‌ಗಳು ಮುಚ್ಚಿದ ಪೆಟ್ಟಿಗೆಯಲ್ಲಿ ಹಿಂದೆ ಇರಲಿ, ಕಬ್ಬಿಣದ ಚೌಕಟ್ಟಿಗೆ ಅರ್ಥಿಂಗ್ ಕೊಡಿ, ಮುಂದೆ, ವಿದ್ಯುತ್ ಸೋರಿದ ಕೂಡಲೇ ಪೂರೈಕೆ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿ. ಜನರೇಟರ್‌ನಲ್ಲಿ ನಡೆಸುವುದಾದರೆ ಅದರ ನ್ಯೂಟ್ರಲ್ಲನ್ನು ನೆಲಕ್ಕೆ ಕಟ್ಟಿದ್ದಾರೆಯೇ ಎಂದು ಖಚಿತಪಡಿಸಿಕೊಳ್ಳಿ, ಇಲ್ಲದಿದ್ದರೆ ಆರ್‌ಸಿಸಿಬಿ ಇದ್ದೂ ಇಲ್ಲದಂತೆ.

ಕೊನೆಯದಾಗಿ ಅನುಮತಿಯ ಮಾತು. ಮೈಕ್ ಇಲ್ಲದಿದ್ದರೆ ಶಬ್ದದ ನಿಯಮ ತಟ್ಟದು ಎಂದು ಬಹಳ ಜನ ತಿಳಿದಿದ್ದಾರೆ. 2000ದ ಶಬ್ದಮಾಲಿನ್ಯ ನಿಯಮಗಳು ಈಗ ಧ್ವನಿವರ್ಧಕಕ್ಕಷ್ಟೇ ಅಲ್ಲ, ಸಂಗೀತ ವಾದ್ಯಗಳಿಗೂ ಅನ್ವಯಿಸುತ್ತವೆ: ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ನುಡಿಸುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಸಂದರ್ಭಗಳಿಗೆ ರಾಜ್ಯ ಸರ್ಕಾರ ವರ್ಷಕ್ಕೆ 15 ದಿನಗಳ ಮಿತಿಯಲ್ಲಿ ಮಧ್ಯರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು, ನಿಮ್ಮೂರ ಜಾತ್ರೆಗೆ ಅದು ಸಿಕ್ಕಿದೆಯೇ ಎಂಬುದನ್ನು ಠಾಣೆಯಲ್ಲಿ ವಿಚಾರಿಸಿ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ 100 ಮೀಟರ್ ನಿಶ್ಶಬ್ದ ವಲಯವಾಗಿದ್ದರೆ ಹಗಲಿನಲ್ಲೂ ಕಷ್ಟ. ಸಿನಿಮಾ ಹಾಡುಗಳನ್ನು ಯಂತ್ರಕ್ಕೆ ತುಂಬಿಸುವ ಆಸೆಯಿದ್ದರೆ ಅದಕ್ಕೆ ಬೇರೆ ಪರವಾನಗಿ ಬೇಕಾಗುತ್ತದೆ, ಅದನ್ನು ಬಿಟ್ಟುಬಿಡುವುದೇ ಸಲೀಸು. ಅರ್ಜಿಯಲ್ಲಿ ಪ್ರದರ್ಶನದ ಜಾಗ, ಸಮಯ, ವಿದ್ಯುತ್ತಿನ ಮೂಲ ಇಷ್ಟನ್ನೂ ಬರೆದು, ಜಾತ್ರಾ ಸಮಿತಿಯ ಒಪ್ಪಿಗೆ ಪತ್ರವನ್ನು ಲಗತ್ತಿಸಿ ಮುಂಚಿತವಾಗಿ ಕೊಡಿ. ತಂಡದವರು ಜೊತೆಗೆ ನುಡಿಸಲು ಒಪ್ಪಿದ್ದರೆ ಅದೇ ಅರ್ಜಿಯಲ್ಲಿ ಅವರ ಹೆಸರುಗಳನ್ನು ಕಲಾವಿದರೆಂದು ಮೊದಲು ಬರೆದು, ನಿಮ್ಮ ಹೆಸರನ್ನು ಯಂತ್ರ ತಯಾರಕರೆಂದು ಕೆಳಗೆ ಬರೆಯಿರಿ.